ಎಡಗಡೆಯ ಎರಡು ಬೋಲ್ಟು

ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಆ ಕಾರು ಒಂದು ಹೆಗಲನ್ನು ಇಳಿಬಿಟ್ಟು ನಿಂತವರ ಹಾಗೆ ಕಾಣುತ್ತಿತ್ತು. ಮುಂಭಾಗದ ಬಲಗಡೆ ನೆಲದತ್ತ ತಗ್ಗಿತ್ತು, ಎಡಗಡೆ ಮೇಲೆಯೇ ಉಳಿದಿತ್ತು. ಬೆಳಿಗ್ಗೆ ಹಾಲು ಕಾಯಿಸುವಾಗ ನೋಡುತ್ತಿದ್ದೆ, ಸಂಜೆ ಕೆಲಸದಿಂದ ಬಂದು ಪಾತ್ರೆ ತೊಳೆಯುವಾಗ ನೋಡುತ್ತಿದ್ದೆ. ನೋಡಿ ಏನೂ ಅನ್ನಿಸುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದನ್ನು ನೋಡಿದರೂ ಏನೂ ಅನ್ನಿಸುತ್ತಿರಲಿಲ್ಲ. ಕಾರು ವಾಲಿದೆ ಎಂಬುದಷ್ಟೇ ತಿಳಿಯುತ್ತಿತ್ತು.

ಅದು ನನ್ನ ಗಂಡ ಇಂದುಧರನ ಕಾರು. ನೀರು ಸರಬರಾಜು ಕಚೇರಿಯಲ್ಲಿ ಅವನು ಗುಮಾಸ್ತನಾಗಿದ್ದ. ವಾರವೆಲ್ಲ ಕುರ್ಚಿಯಲ್ಲಿ ಕೂತು, ರಜೆ ಸಿಕ್ಕಿತೆಂದರೆ ಹಳೆಯ ಬನಿಯನ್ನು ತೊಟ್ಟು ಕಾರಿನ ಕೆಳಗೆ ಸೇರಿಕೊಳ್ಳುತ್ತಿದ್ದ. ಕಂಪನಿಯವರು ಕೊಟ್ಟ ಸ್ಪ್ರಿಂಗುಗಳನ್ನು ತೆಗೆದು ಗಿಡ್ಡ ಸ್ಪ್ರಿಂಗುಗಳನ್ನು ಹಾಕಿ ಕಾರನ್ನು ನೆಲದ ಹತ್ತಿರಕ್ಕೆ ಇಳಿಸುವುದು ಅವನ ಹುಚ್ಚು. ಹೀಗೇಕೆ ಎಂದು ಕೇಳಿದರೆ, ತಗ್ಗಿನಲ್ಲಿ ಕೂತು ಹೋಗುವಾಗ ರಸ್ತೆಯ ಸದ್ದು ಬೇರೆಯೇ ಇರುತ್ತದೆ ಎನ್ನುತ್ತಿದ್ದ. ನನಗೆ ಆ ವ್ಯತ್ಯಾಸ ಕೇಳಿಸುತ್ತಿರಲಿಲ್ಲ. ಆದರೂ ಪಕ್ಕದಲ್ಲಿ ಕೂತು ಕೇಳಿಸುತ್ತದೆ ಎನ್ನುತ್ತಿದ್ದೆ.

ಕೊನೆಯ ಸಲ ಅವನು ಮುಂದಿನ ಎರಡೂ ಸ್ಪ್ರಿಂಗುಗಳನ್ನು ಬದಲಿಸಲು ಹೊರಟಿದ್ದ. ಶನಿವಾರ ಬಲಗಡೆಯದನ್ನು ಮುಗಿಸಿದ. ಭಾನುವಾರ ಬೆಳಿಗ್ಗೆ ಅಂಗಳದ ನಡುವೆ ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಎಡಗಡೆಯ ಚಕ್ರ ಬಿಚ್ಚಿ, ಹೊಸ ಸ್ಪ್ರಿಂಗು ಕೂರಿಸಿದ. ಬೋಲ್ಟುಗಳನ್ನು ಬಿಗಿಯುವುದು ಬಾಕಿಯಿತ್ತು, ನನಗದು ಆಗ ತಿಳಿದಿರಲಿಲ್ಲ. ಗ್ರೀಸು ಮುಗಿದಿದೆ, ಈಗ ಬಂದೆ ಎಂದು ಹೇಳಿ ಬಸ್‌ನಿಲ್ದಾಣದ ಬಳಿಯ ಬಿಡಿಭಾಗಗಳ ಅಂಗಡಿಗೆ ಹೋದವನು ಅಂಗಡಿಯ ಕಟ್ಟೆಯ ಮುಂದೆಯೇ ಕುಸಿದುಬಿದ್ದ. ಆಸ್ಪತ್ರೆಗೆ ನಾನು ಓಡಿಹೋಗುವ ಹೊತ್ತಿಗೆ ಮುಗಿದಿತ್ತು. ಹೃದಯ ನಿಂತಿತು ಎಂದರು. ಮಧ್ಯಾಹ್ನ ಅವನ ಜೊತೆಗೇ ಆಂಬುಲೆನ್ಸಿನಲ್ಲಿ ಮನೆಗೆ ಬಂದೆ. ಅಂಗಳ ತುಂಬ ಜನ. ಗೋಡೆಗೆ ಒರಗಿಸಿ ಅವನನ್ನು ಕೂರಿಸಿದರು, ಹಣೆಗೆ ವಿಭೂತಿ ಬಳಿದರು. ಆಮೇಲಿನದು ನನಗೆ ತುಂಡುತುಂಡಾಗಿ ಮಾತ್ರ ನೆನಪಿದೆ.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಒಂದು ಬೆಳಿಗ್ಗೆ ನೋಡಿದಾಗ ಕಾರು ಕಾಂಪೌಂಡಿನ ಪಕ್ಕ ನಾಲ್ಕು ಚಕ್ರಗಳ ಮೇಲೆ ನಿಂತಿತ್ತು. ಯಾರೋ ಅಕ್ಕಪಕ್ಕದವರು ಚಕ್ರ ಹಾಕಿ ಅತ್ತ ತಳ್ಳಿರಬೇಕು ಅಂದುಕೊಂಡೆ. ಯಾರು ಎಂದು ಕೇಳುವ ಮನಸ್ಸೂ ಬರಲಿಲ್ಲ.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ರಜೆ ಮುಗಿದ ಕೂಡಲೇ ಹೋಗತೊಡಗಿದೆ. ಬಂದವರ ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ, ಸೂಜಿ ಚುಚ್ಚಿದರೆ ಮೊದಲಿನ ಹಾಗೆಯೇ ಒಂದೇ ಸಲಕ್ಕೆ ರಕ್ತ ಬರುತ್ತಿತ್ತು. ಎದುರುಮನೆಯ ಕೊಟ್ರವ್ವ ಆಗಾಗ ಬಂದು ಕೂತು, ಅತ್ತುಬಿಡು, ಒಳಗೇ ಇಟ್ಟುಕೊಂಡರೆ ಅದು ಕೊಳೆಯುತ್ತದೆ ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಅಳುವುದು ಹೇಗೆ ಎಂಬುದೇ ಮರೆತುಹೋಗಿತ್ತು. ಅದು ಅಳಬಾರದೆಂಬ ಹಟವಾಗಿರಲಿಲ್ಲ.

ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಮಾವ ಮರುಳಸಿದ್ದಪ್ಪನವರು. ಅತ್ತೆ ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಮಾವ ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದು ಹತ್ತಿರದ್ದೆಲ್ಲ ಮಸುಕಾಗಿತ್ತು. ಡಿಪೋದ ಒಂದು ಅಭ್ಯಾಸ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಯಾವ ಬೋಲ್ಟನ್ನು ಬಿಗಿದರೂ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದ ಒಂದು ಸಣ್ಣ ಗೆರೆ ಎಳೆಯುತ್ತಿದ್ದರು. ಗೆರೆ ಒಡೆದಿದ್ದರೆ ಬೋಲ್ಟು ಸಡಿಲಾಗಿದೆಯೆಂದು ಅರ್ಥ. ನಮ್ಮ ಮಂಚಕ್ಕೆ, ಫ್ಯಾನಿಗೆ, ನೀರಿನ ಮೋಟಾರಿಗೆ, ಎಲ್ಲಕ್ಕೂ ಆ ಹಳದಿ ಗೆರೆಯಿತ್ತು. ಇಂದುಧರ ನಗುತ್ತಿದ್ದ. ಕಾರಿನ ಮಾತು ಬಂದಾಗ ಮಾತ್ರ, "ಅಪ್ಪ, ನನ್ ಕಾರಿಗೆ ಅರಿಶಿನ ಹಚ್ಚೋಕೆ ಬರಬೇಡ" ಎಂದು ಬಾಗಿಲಲ್ಲೇ ತಡೆಯುತ್ತಿದ್ದ.

ಹಾಗೆ ತಡೆಯುವ ಅಗತ್ಯವೂ ಇರಲಿಲ್ಲ. ಮಾವ ಆ ಕಾರಿನ ಹತ್ತಿರ ಸುಳಿಯುತ್ತಿರಲಿಲ್ಲ. ಬಸ್ಸಿನ ಹೊಟ್ಟೆ ರಸ್ತೆಗೆ ತಾಗದಂತೆ ನೋಡಿಕೊಳ್ಳುವುದರಲ್ಲೇ ಅವರ ಆಯಸ್ಸು ಕಳೆದಿತ್ತು. ಕೈಯಾರೆ ಗಾಡಿಯನ್ನು ನೆಲಕ್ಕೆ ಇಳಿಸುವುದು ಅವರ ಕಣ್ಣಿಗೆ ಆರೋಗ್ಯವಂತನ ಕಾಲು ಕತ್ತರಿಸಿದ ಹಾಗೆ. ಮೊದಲ ಸಲ ಇಳಿಸಿದಾಗ ತಂದೆ-ಮಗನಿಗೆ ಮಾತು ಬೆಳೆದಿತ್ತು. ಆ ಬಳಿಕ ಅವರು ಆ ಕಾರಿನಲ್ಲಿ ಕೂರಲೇ ಇಲ್ಲ. ಮದುವೆಗೋ ಆಸ್ಪತ್ರೆಗೋ ಹೋಗಬೇಕಾದರೆ ಆಟೋ ಕರೆಸುತ್ತಿದ್ದರು. ಉಳಿದೆಲ್ಲ ವಿಷಯಗಳಲ್ಲಿ ಇಬ್ಬರೂ ಚೆನ್ನಾಗಿಯೇ ಇದ್ದರು.

ಕಾರನ್ನು ಕೊಟ್ಟುಬಿಡೋಣ ಎಂದು ಹೇಳಿದವಳು ನಾನು. ಮಾವ ಹೂಂ ಎಂದರು. ಊರಲ್ಲಿ ಅಷ್ಟು ಹೊತ್ತಿಗೆ ಕಾರಿನ ಬಗ್ಗೆ ಮಾತು ಹುಟ್ಟಿತ್ತು. ಅದು ಮನೆಗೆ ಆಗಿಬರಲಿಲ್ಲ ಎಂದು ಕೆಲವರು, ಎಲ್ಲೋ ಗುದ್ದಿಕೊಂಡು ಬಂದಿದ್ದ, ಅದೇ ಪೆಟ್ಟು ಎದೆಯಲ್ಲಿ ಉಳಿದಿತ್ತು ಎಂದು ಕೆಲವರು. ಕೊಟ್ರವ್ವ ಈ ಮಾತುಗಳನ್ನು ಒಂದೊಂದಾಗಿ ತಂದು ಮುಟ್ಟಿಸುತ್ತಿದ್ದರು.

ಕೊಳ್ಳಲು ಬಂದವನು ಜಬೀವುಲ್ಲಾ. ಇಂದುಧರನ ಪರಿಚಯದವನು, ಸೋಡಾ ಕಾರ್ಖಾನೆ ಇಟ್ಟುಕೊಂಡಿದ್ದ. ಕಾರಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಚಕ್ರದ ಬಳಿ ಕುಕ್ಕುರುಗಾಲಲ್ಲಿ ಕೂತು ಟಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದ. ಆ ಕಡೆಗೂ ಹೋಗಿ ನೋಡಿದ. ಎದ್ದು ಕೈ ಒರೆಸಿಕೊಳ್ಳುತ್ತ ಬಹಳ ಸಂಕೋಚದಿಂದ ಹೇಳಿದ: "ಅಕ್ಕಾ, ತಪ್ಪು ತಿಳ್ಕೋಬೇಡಿ. ಈ ಕಡೆ ಎರಡು ಬೆರಳು ಹೋಗ್ತದೆ, ಆ ಕಡೆ ಕೈಯೇ ಹೋಗ್ತದೆ. ಚಾಸಿ, ಅಡಿ ಚೌಕಟ್ಟು ಬಗ್ಗಿದ್ರೆ ಹಿಂಗಾಗ್ತದೆ. ಎಲ್ಲಾದ್ರೂ ಗುದ್ದಿತ್ತಾ?"

ನಾನು ಉತ್ತರ ಕೊಡುವ ಮೊದಲೇ ಜಗಲಿಯಿಂದ ಮಾವನ ದನಿ ಬಂತು. "ಗುದ್ದಿಲ್ಲ. ನನ್ ಮಗ ಒಂದು ನಾಯಿಮರಿಗೂ ಗಾಡಿ ತಾಗಿಸಿದವನಲ್ಲ."

ವಾರಗಟ್ಟಲೆ ಊಟ ಬೇಕು, ಬೇಡ ಎಂಬುದರ ಆಚೆಗೆ ಮಾತಾಡದಿದ್ದವರು ಆಡಿದ ಮೊದಲ ಪೂರ್ತಿ ಮಾತು ಅದು. ಜಬೀವುಲ್ಲಾ ಅವರಿಗೆ ಕೈಮುಗಿದ. ಸಮ ಮಾಡಿಸಿಡಿ, ಬಂದು ಒಯ್ಯುತ್ತೇನೆ, ಬೇರೆ ಯಾರಿಗೂ ಮಾತು ಕೊಡಬೇಡಿ ಎಂದು ಹೇಳಿ ಹೋದ.

ಆ ಸಂಜೆ ಮಾವ ಮಂಚದ ಕೆಳಗಿನಿಂದ ತಮ್ಮ ತಗಡಿನ ಪೆಟ್ಟಿಗೆಯನ್ನು ಎಳೆದರು. ಡಿಪೋ ಬಿಟ್ಟ ಮೇಲೆ ತಂದಿಟ್ಟ ಸ್ಪ್ಯಾನರುಗಳೆಲ್ಲ ಅದರಲ್ಲಿದ್ದವು. ಪೆಟ್ಟಿಗೆಯ ಮೇಲೆ ಧೂಳಿರಲಿಲ್ಲ. ಇದನ್ನು ನಾನು ಆಗಲೇ ಗಮನಿಸಿದೆನೋ, ಆಮೇಲೆ ನನ್ನ ನೆನಪು ಸೇರಿಸಿಕೊಂಡಿತೋ ಹೇಳಲಾರೆ.

"ನಂಗೆ ಕಣ್ಣು ಕಾಣಲ್ಲ. ನಿಂಗೆ ಕೈ ಐತೆ," ಎಂದರು. "ನಾನು ಹೇಳ್ತೀನಿ, ನೀನು ಮಾಡು. ಚಾಸಿ ಬಗ್ಗೈತೋ ಇಲ್ಲೋ ನೋಡೇಬಿಡೋಣ."

ಬೇರೆ ಮೆಕ್ಯಾನಿಕ್‌ನನ್ನು ಕರೆಸಬಹುದಿತ್ತು. ಆದರೆ ಕರೆಸಿದರೆ ಆ ಮಾತು ಊರಿನಲ್ಲಿ ಇನ್ನೊಂದು ಸುತ್ತು ಬರುತ್ತಿತ್ತು. ನನಗೆ ಬೇಡವೆನ್ನಲು ಕಾರಣ ಹೊಳೆಯಲಿಲ್ಲ, ಬೇಕೆನ್ನಲೂ ಹೊಳೆಯಲಿಲ್ಲ. ಇಂದುಧರನ ಹಳೆಯ ಪ್ಯಾಂಟು ತೊಟ್ಟು, ಅದರ ಕಾಲುಗಳನ್ನು ಮೇಲಕ್ಕೆ ಮಡಚಿಕೊಂಡು ಅಂಗಳಕ್ಕಿಳಿದೆ.

ಮೊದಲು ನೆಲವೇ ಸಮವಾಗಿದೆಯೋ ನೋಡಬೇಕೆಂದರು. ಗಾರೆಯವರು ಮಾಡುವ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಅದರ ಒಂದು ತುದಿಯನ್ನು ಈ ಚಕ್ರದ ಬಳಿ, ಇನ್ನೊಂದನ್ನು ಆ ಚಕ್ರದ ಬಳಿ ಹಿಡಿದು ನೋಡಿದೆವು. ನೆಲದಲ್ಲಿ ತಪ್ಪಿರಲಿಲ್ಲ. ಟಯರುಗಳಿಗೆ ಗಾಳಿ ತುಂಬಿಸಿ ನೋಡಿದೆವು. ಕಾರು ವಾಲಿಕೊಂಡೇ ನಿಂತಿತ್ತು. ಚಾಸಿಯ ಮೂಲೆಯಿಂದ ಮೂಲೆಗೆ ಅಡ್ಡಡ್ಡವಾಗಿ ದಾರ ಹಿಡಿದು ಅಳೆಯುವುದನ್ನು ಅವರು ಹೇಳಿಕೊಟ್ಟರು. ಬಗ್ಗಿದ್ದರೆ ಒಂದು ದಾರ ಉದ್ದ, ಇನ್ನೊಂದು ಗಿಡ್ಡ ಬರುತ್ತದೆ. ಎರಡೂ ಒಂದೇ ಬಂದವು. ಮಾವ ದಾರದ ತುಂಡುಗಳನ್ನು ಬೆರಳಿಗೆ ಸುತ್ತಿಕೊಂಡು ಗೇಟಿನವರೆಗೆ ಹೋದರು. ಎದುರುಮನೆಯ ಕೊಟ್ರವ್ವನಿಗೆ ಕೇಳುವಷ್ಟು ಜೋರಾಗಿ, ಚಾಸಿ ಬಗ್ಗಿಲ್ಲವೆಂದು ನನಗೇ ಇನ್ನೊಮ್ಮೆ ಹೇಳಿದರು.

ಹಾಗಾದರೆ ಸ್ಪ್ರಿಂಗಿನದೇ ದೋಷವಿರಬೇಕು. ಒಂದು ಮೃದು, ಒಂದು ಗಟ್ಟಿ ಬಂದಿರಬಹುದು. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ ನೋಡಿದರೆ ತಿಳಿಯುತ್ತದೆ, ವಾಲುವಿಕೆಯೂ ಸ್ಪ್ರಿಂಗಿನ ಜೊತೆಗೇ ಮಗ್ಗುಲು ಬದಲಿಸುತ್ತದೆ ಎಂದರು. ಸ್ಪ್ರಿಂಗನ್ನು ಹಿಡಿಕೆಗಳ ನಡುವೆ ಒತ್ತಿ ಹಿಡಿಯುವಾಗ ಅವರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕೂತರು. ಅದು ಚಿಮ್ಮಿದರೆ ಮುಖ ಉಳಿಯುವುದಿಲ್ಲವಂತೆ. ನನಗೆ ಹೆದರಿಕೆಯೂ ಆಗಲಿಲ್ಲ. ಚಕ್ರದ ಬದಿಯಿಂದಲೇ ಬಿಚ್ಚಿದ್ದರಿಂದ ಕಾರಿನ ಕೆಳಗೆ ಹೋಗಬೇಕಾಗಲಿಲ್ಲ, ಆದರೂ ಎರಡು ಭಾನುವಾರ ಆ ಕೆಲಸಕ್ಕೇ ಹೋಯಿತು. ಚಕ್ರ ಹಾಕಿ ಕಾರನ್ನು ಇಳಿಸಿ ದೂರ ನಿಂತು ನೋಡಿದೆ. ಅದೇ ಬಲಹೆಗಲು ತಗ್ಗಿತ್ತು.

ಮಾವ ನೋಡಲು ಬಾಗಲಿಲ್ಲ. ನನ್ನ ಮೌನದಲ್ಲೇ ತಿಳಿದುಕೊಂಡರು. ಜಗಲಿಯ ಕಂಬಕ್ಕೆ ಒರಗಿ ಬಹಳ ಹೊತ್ತು ಯೋಚಿಸುತ್ತ ಕೂತರು. ಆಮೇಲೆ ಎದ್ದು ಬಂದು ಎಡಗಡೆಯ ಮಡ್‌ಗಾರ್ಡಿನ ಮೇಲೆ ಎರಡೂ ಅಂಗೈಯಿಟ್ಟು ಒತ್ತಿದರು. ಕಾರು ಒಂದಿಷ್ಟು ಬಗ್ಗಿ, ಕೈಬಿಟ್ಟ ಕೂಡಲೇ ಪುಟಿದು ಮೊದಲಿನ ಎತ್ತರಕ್ಕೇ ಬಂತು. ಬಲಗಡೆಗೆ ಹೋಗಿ ಹಾಗೆಯೇ ಮಾಡಿದರು. ಅದು ಮೆತ್ತಗೆ ಬಗ್ಗಿ ಮೆತ್ತಗೆ ಎದ್ದಿತು.

"ತಿಳೀತು," ಎಂದರು. ದನಿಯಲ್ಲಿ ಡಿಪೋದ ಗಡಸು ಬಂದಿತ್ತು. "ಬುಷ್ಷು ತಿರುಚಿಕೊಂಡೈತೆ. ಇವ್ನು ಚಕ್ರ ನೇತಾಡ್ತಿರೋವಾಗ್ಲೇ ಬಿಗಿದಾನೆ."

ಅವರು ವಿವರಿಸಿದ್ದು ಹೀಗೆ. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳೊಂದಿರುತ್ತದೆ. ಅದು ಚಾಸಿಗೆ ಸೇರುವ ಕಡೆ ಬಳೆಯಂಥ ರಬ್ಬರಿನ ಬುಷ್ಷುಗಳು, ಅವುಗಳ ನಡುವೆ ತೂರಿದ ಎರಡು ಬೋಲ್ಟು. ಗಾಡಿ ಮೇಲಿದ್ದಾಗ ಆ ತೋಳು ಕೆಳಕ್ಕೆ ಜೋತುಬಿದ್ದಿರುತ್ತದೆ. ಬೋಲ್ಟುಗಳನ್ನು ಆಗ ತೂರಿಸಬಹುದು, ಬಿಗಿಯಬಾರದು. ಬಿಗಿದರೆ ರಬ್ಬರು ಆ ಜೋತುಬಿದ್ದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ಇಳಿಸಿದರೂ ಅದು ತೋಳನ್ನು ಕೆಳಕ್ಕೇ ತಳ್ಳುತ್ತಿರುತ್ತದೆ, ಗಾಡಿಯ ಭಾರ ಪೂರ್ತಿ ಸ್ಪ್ರಿಂಗಿನ ಮೇಲೆ ಕೂರಲು ಬಿಡುವುದಿಲ್ಲ. ಆದ್ದರಿಂದಲೇ ಎಡಗಡೆ ಎತ್ತರದಲ್ಲಿ ಉಳಿದಿತ್ತು. ಸರಿಯಾದ ಕ್ರಮವೆಂದರೆ ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರ ಅದರ ಕಾಲಿನ ಮೇಲೆ ಬಿದ್ದ ಮೇಲೆ ಬಿಗಿಯುವುದು. ಡಿಪೋಗೆ ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವ ಪಾಠ ಅದು.

"ಸಣ್ಣವನಿದ್ದಾಗ್ಲಿಂದ ಹೇಳಿದೀನಿ ಅವ್ನಿಗೆ," ಎಂದು ಮಾವ ಕಾರಿನ ಕಡೆಗೆ ತಿರುಗಿ ಹೇಳಿದರು. "ಯಾವಾಗ್ಲೂ ಅವಸರ."

ಆ ಮಾತನ್ನು ಕೇಳಿ ನನಗೆ ನೋವಾಗಬೇಕಿತ್ತು. ಆಗಲಿಲ್ಲ. ಮಾವ ಎಲ್ಲಿಂದಲೋ ಹೊಂದಿಸಿದ ದಪ್ಪ ಹಲಗೆಗಳನ್ನು ನಾಲ್ಕೂ ಚಕ್ರಗಳ ಕೆಳಗೆ ಕೊಟ್ಟು, ಚಕ್ರದ ಮೇಲೆಯೇ ನಿಂತ ಕಾರಿನ ಕೆಳಗೆ ನುಸುಳುವಷ್ಟು ಜಾಗ ಮಾಡಿದೆವು. ಗೋಣಿಚೀಲ ಹಾಸಿಕೊಂಡು ಮಲಗಿ ಒಳಗೆ ಸರಿದೆ. ಮೊದಲು ಬಲಗಡೆ ನೋಡು, ಅವನು ಹೇಗೆ ಬಿಗಿದಿದ್ದಾನೆ ತಿಳಿಯಲಿ ಎಂದರು. ಬಲಗಡೆಯ ಬೋಲ್ಟುಗಳ ಮೇಲೆ ಗ್ರೀಸು ಬಿಟ್ಟರೆ ಏನೂ ಇರಲಿಲ್ಲ. ಎಡಕ್ಕೆ ಹೊರಳಿದೆ. ಅಲ್ಲಿ ಧೂಳು ಮೆತ್ತಿಕೊಂಡಿತ್ತು. ಸ್ಪ್ಯಾನರು ಕೂರಬೇಕೆಂದು ಬಟ್ಟೆಯಿಂದ ಒರೆಸಿದೆ. ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿಯ ಸಣ್ಣ ಗೆರೆ ಮೂಡಿತು. ಎರಡನೆಯದನ್ನು ಒರೆಸಿದೆ. ಅದರ ಮೇಲೂ ಇತ್ತು. ನೇರವಾದ, ಅಚ್ಚುಕಟ್ಟಾದ ಗೆರೆ.

ನಾನು ಅಲುಗಾಡದೆ ಮಲಗಿದ್ದೆ. ಮೇಲಿನಿಂದ ಮಾವ, ಸ್ಪ್ಯಾನರು ಕೂತಿತೇ ಎಂದು ಕೇಳಿದರು. ಇನ್ನೊಮ್ಮೆ ಕೇಳಿದರು.

ಹೇಳದೆ ಬಿಚ್ಚಿಬಿಡಬಹುದಿತ್ತು. ಹೇಳದಿದ್ದರೆ ಆ ಅವಸರದ ತಪ್ಪು ಇಂದುಧರನ ಹೆಸರಿನಲ್ಲಿ ಉಳಿಯುತ್ತಿತ್ತು, ಹೇಳಿದರೆ ಈ ಮುದುಕರ ಮೇಲೆ ಬೀಳುತ್ತಿತ್ತು. ಯಾವುದು ಸರಿ ಎಂದು ಲೆಕ್ಕ ಹಾಕುವ ಶಕ್ತಿ ನನಗಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ.

"ಮಾವ, ಇಲ್ಲಿ ಹಳದಿ ಗೆರೆ ಇದೆ."

ಸ್ವಲ್ಪ ಹೊತ್ತಿಗೆ ಅವರ ಮೊಣಕಾಲುಗಳು ನೆಲಕ್ಕೆ ಬಂದವು, ಆಮೇಲೆ ಕೈ, ಆಮೇಲೆ ಬಿಳಿಗಡ್ಡದ ಮುಖ. ಆ ವಯಸ್ಸಿನಲ್ಲಿ ಅವರು ಬೆನ್ನ ಮೇಲೆ ಮಲಗಿ, ತೆವಳುತ್ತ ನನ್ನ ಪಕ್ಕಕ್ಕೆ ಬಂದರು. ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಕೈ ಚಾಚಿದರು. ನಾನು ಅವರ ತೋರುಬೆರಳನ್ನು ಹಿಡಿದು ಗೆರೆಯ ಮೇಲೆ ಇಟ್ಟೆ. ಅವರು ಉಗುರಿನಿಂದ ಅದನ್ನು ಮೇಲಿಂದ ಕೆಳಗೆ ಸವರಿದರು. ಬಣ್ಣದ ಉಬ್ಬು ಬೆರಳಿಗೆ ಸಿಕ್ಕಿರಬೇಕು.

"ಇದು ನನ್ ಕೈಯಿಂದು," ಎಂದರು.

ಇಬ್ಬರೂ ಕಾರಿನ ಹೊಟ್ಟೆಯನ್ನು ನೋಡುತ್ತ ಮಲಗಿದ್ದೆವು. ಅವರು, ನನಗೆ ಹೇಳುವುದಕ್ಕಿಂತ ತಾವೇ ಹುಡುಕಿಕೊಳ್ಳುವವರ ಹಾಗೆ, ಮಾತಾಡತೊಡಗಿದರು.

"ಜನ ಬಂದ್ರು. ಅಂಗಳದ ನಡುವೆ ಗಾಡಿ ನಿಂತಿತ್ತು, ಒಂದು ಚಕ್ರ ಇಲ್ದೆ. ಎಲ್ಲಿ ಕೂರಿಸ್ತೀರಿ ಅಂತ ಯಾರೋ ಕೇಳಿದ್ರು. ಅಷ್ಟೇ ಕಣವ್ವ ನಂಗೆ ನೆನಪಿರೋದು. ಎಲ್ಲಿ ಕೂರಿಸ್ತೀರಿ ಅಂತ."

ಅಕ್ಕಪಕ್ಕದವರು ಮಾಡಿರಬೇಕೆಂದು ನಾನು ಅಂದುಕೊಂಡಿದ್ದ ಕೆಲಸ ಅದು. ಮಗನ ಹೆಣ ಮನೆಗೆ ಬರುವ ಮೊದಲು, ಅವನನ್ನು ಕೂರಿಸಲು ಜಾಗ ಬೇಕೆಂದು, ಅವರು ಪೆಟ್ಟಿಗೆ ತೆರೆದು, ತಾವು ಮುಟ್ಟದೆ ಬಿಟ್ಟಿದ್ದ ಕಾರಿನ ಕೆಳಗೆ ಹೋಗಿದ್ದರು. ಮಗ ಅರ್ಧಕ್ಕೆ ಬಿಟ್ಟ ಬೋಲ್ಟುಗಳನ್ನು ಬಿಗಿದು, ಚಕ್ರ ಹಾಕಿ, ಕಾರನ್ನು ಇಳಿಸಿ ಪಕ್ಕಕ್ಕೆ ತಳ್ಳಿದ್ದರು. ಹೊಸಬರಿಗೆ ಕಲಿಸುವ ಮೊದಲ ಪಾಠವೇ ಆ ಹೊತ್ತಿಗೆ ಅವರಿಂದ ತಪ್ಪಿಹೋಗಿತ್ತು. ಗೆರೆ ಎಳೆಯುವುದು ಮಾತ್ರ ತಪ್ಪಿರಲಿಲ್ಲ. ಆಮೇಲೆ ಅದಷ್ಟೂ ಅವರ ತಲೆಯಿಂದ ಅಳಿಸಿಹೋಗಿತ್ತು. ಆ ದಿನ ನನ್ನ ತಲೆಯಿಂದ ಅಳಿಸಿಹೋದ ಹಾಗೆಯೇ.

"ಸುಮ್ನೆ ಅವ್ನನ್ನ ಬೈದೆ," ಎಂದರು.

"ಅವನು ಕೇಳಿಸ್ಕೊಂಡು ನಗ್ತಿದ್ದ, ಮಾವ," ಎಂದೆ. ಅದು ನಿಜವಾಗಿಯೂ ಹಾಗೇ ಆಗುತ್ತಿತ್ತು. ಕಾರಿನಡಿಯ ಮಬ್ಬಿನಲ್ಲಿ ಅವರ ಎದೆ ಒಂದು ಸಲ ಏರಿ ಇಳಿಯಿತು. ಅದು ನಗೆಯೋ ಮತ್ತೊಂದೋ ತಿಳಿಯಲಿಲ್ಲ.

ಅವರನ್ನು ಹೊರಗೆ ಎಳೆದು ಕೂರಿಸಿ, ನೀರು ಕೊಟ್ಟು, ನಾನು ಮತ್ತೆ ಒಳಗೆ ಹೋದೆ. ಮೊದಲ ಬೋಲ್ಟು ಸುಲಭವಾಗಿ ಬಿಡಲಿಲ್ಲ. ಎರಡೂ ಕಾಲುಗಳನ್ನು ಚಕ್ರಕ್ಕೆ ಒತ್ತುಕೊಟ್ಟು ಎಳೆದಾಗ ಕಿರ್ರೆಂದು ತಿರುಗಿತು. ಎರಡನೆಯದೂ ತಿರುಗಿದ ಕ್ಷಣ ರಬ್ಬರು ಒಮ್ಮೆ ನರಳಿದಂತಾಯಿತು. ಹಲಗೆಗಳ ಮೇಲೆ ಕಾರು ಮೆಲ್ಲಗೆ, ನನ್ನ ಮುಖದ ಮೇಲೆಯೇ ಎಂಬಂತೆ, ಇಳಿದು ನಿಂತಿತು. ಹೆಚ್ಚೇನಲ್ಲ, ಎರಡು ಬೆರಳಿನಷ್ಟು. ಮಾವ ಹೊರಗಿನಿಂದಲೇ ಆ ಸದ್ದನ್ನು ಕೇಳಿದರು. ಕೈಯಿಂದ ಒತ್ತಿ ಅಲುಗಾಡಿಸಿ, ಅದಕ್ಕೆ ಬೇಕಾದಲ್ಲಿ ಕೂರಲು ಬಿಟ್ಟು, ಈಗ ಬಿಗಿ ಎಂದರು. ಬಿಗಿದೆ.

ಹೊರಗೆ ಬಂದಾಗ ಅವರು ಬಣ್ಣದ ಡಬ್ಬಿಯ ಮುಚ್ಚಳ ತೆಗೆದಿಟ್ಟುಕೊಂಡು ಕೂತಿದ್ದರು. ಕುಂಚವನ್ನು ನನ್ನ ಕಡೆಗೆ ಚಾಚಿದರು. "ಬಿಗಿದವರು ಎಳೀಬೇಕು," ಎಂದರು.

ಹಳೆಯ ಗೆರೆ ಒಡೆದು ಎರಡು ತುಂಡಾಗಿ ಬೇರೆಬೇರೆ ದಿಕ್ಕಿಗೆ ಹೋಗಿತ್ತು. ಅದರ ಪಕ್ಕದಲ್ಲಿ ಹೊಸದನ್ನು ಎಳೆದೆ. ದಿನವಿಡೀ ನರ ಹುಡುಕುವ ಕೈ, ಆದರೂ ಗೆರೆ ಸೊಟ್ಟಗೆ ಬಂತು. ಅವತ್ತು ಮಧ್ಯಾಹ್ನ ನನಗೆ ಹಸಿವಾಯಿತು. ಇಬ್ಬರಿಗೂ ಅನ್ನಕ್ಕಿಟ್ಟದ್ದು ಸಾಲದೆ ಮತ್ತೆ ಇಡಬೇಕಾಯಿತು.

ಕಾರನ್ನು ಮುಂದಿನ ವಾರ ಜಬೀವುಲ್ಲಾ ಒಯ್ದ. ಎರಡೂ ಕಡೆ ಬೆರಳು ತೂರಿಸಿ ನೋಡಿ ಮಾವನ ಕೈಯನ್ನು ಹಿಡಿದುಕೊಂಡ. ನಾನು ಗೇಟಿನವರೆಗೆ ಹೋಗಿ ಬೀಳ್ಕೊಟ್ಟೆ. ಅಳಲಿಲ್ಲ. ಅಳು ಬಂದದ್ದು ಎಷ್ಟೋ ತಿಂಗಳ ಮೇಲೆ, ಲ್ಯಾಬಿನಲ್ಲಿ, ಯಾರೋ ಅಪರಿಚಿತರ ತೋಳಿಗೆ ಪಟ್ಟಿ ಕಟ್ಟುತ್ತಿದ್ದಾಗ. ಅದು ಬೇರೆ ಕತೆ.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಕಾರು ಸಮವಾದ ದಿನದ ಸಂಜೆ. ಹೊಸದಾಗಿ ಬಿಗಿದ ಗಾಡಿ ಒಂದು ಸುತ್ತು ಓಡಿ ಬರಬೇಕು, ಆಮೇಲೆ ಇನ್ನೊಮ್ಮೆ ಅಳೆಯಬೇಕು ಎಂದರು ಮಾವ. ನಾನು ಸ್ಟಿಯರಿಂಗಿನ ಮುಂದೆ ಕೂತೆ. ಅವರು ಎಡಗಡೆಯ ಬಾಗಿಲು ತೆಗೆದು, ಎಷ್ಟು ಕೆಳಗಿದೆ ಎಂದು ಕಾಲಿನಿಂದ ತಡವಿ, ನನ್ನ ತೋಳು ಹಿಡಿದು ಒಳಗೆ ಜಾರಿ ಕೂತರು. ಇಂದುಧರ ಕಾರನ್ನು ತಗ್ಗಿಸಿದ ಮೇಲೆ ಇದೇ ಮೊದಲ ಸಲ. ಕೆರೆಯ ಏರಿಯ ಕಡೆಗೆ ಹೊರಟೆವು. ಕಿಟಕಿ ತೆರೆದು ಅವರು ಬಹಳ ಹೊತ್ತು ಏನನ್ನೋ ಕೇಳಿಸಿಕೊಳ್ಳುತ್ತಿದ್ದರು.

ಮೊದಲ ರಸ್ತೆಯುಬ್ಬು ಬಂದಾಗ ನಿಲ್ಲಿಸು ಎಂದರು. ಇಬ್ಬರ ಭಾರಕ್ಕೆ ಹೊಟ್ಟೆ ತಾಗುತ್ತದೆ ಎಂದು ಹೇಳಿ ಬಾಗಿಲು ತೆಗೆದು, ಕಷ್ಟಪಟ್ಟು ಎದ್ದು, ಉಬ್ಬನ್ನು ನಡೆದು ದಾಟಿದರು. ಆಚೆಗೆ ನಿಂತು ನನ್ನ ಕಡೆಗೆ ತಿರುಗಿದರು. ನಮ್ಮ ಹಿಂದೆ ಬಸ್ಸೊಂದು ಬಂದು ನಿಂತಿತ್ತು. ಅವರು ಅದರ ಕಡೆಗೆ ಒಂದು ಕೈ ಎತ್ತಿ ತಡೆದರು. ಸೊಂಟ ಬಗ್ಗಿಸಿ, ಕಾಣದ ಕಣ್ಣುಗಳಿಂದ ಕಾರಿನ ಕೆಳಗಿನ ಬೆಳಕನ್ನು ನೋಡುತ್ತ, ಇನ್ನೊಂದು ಕೈಯನ್ನು ಎದೆಮಟ್ಟಕ್ಕೆ ಹಿಡಿದು ಬೆರಳುಗಳನ್ನಷ್ಟೇ ಮಡಚುತ್ತ ಬಿಚ್ಚುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ಮೆಲ್ಲಗೆ, ಮೆಲ್ಲಗೆ ಬಾ ಎಂದು ನನ್ನನ್ನು ಕರೆಯುತ್ತಿದ್ದರು.